ಅಜ್ಜಿ ಟ್ರಂಕಲ್ಲಿ 43 ಬೊಂಬೆ, ಅಂಗಡಿಯವ್ರು ಲಾಟ್‌ಗೆ 6 ಸಾವ್ರ ಅಂತಿದಾರೆ, ಕೊಡ್ಬಹುದಾ?

ಒಂಟಿಕೊಪ್ಪಲ್_ಕಿಟ್ಟಿ
ಎಲ್ರಿಗೂ ನಮಸ್ಕಾರ. ಮೈಸೂರಲ್ಲಿ ನಮ್ಮಜ್ಜಿ ಇದ್ದ ಮನೆ ಖಾಲಿ ಮಾಡ್ತಾ ಇದೀವಿ, ಅಜ್ಜಿ ಹೋಗಿ ಎರಡು ವರ್ಷ ಆಯ್ತು, ಪಾತ್ರೆ ಪಗಡ ಎಲ್ಲ ಅಪ್ಪ ಮತ್ತೆ ಇಬ್ರು ಅತ್ತೆಯಂದ್ರು ಹಂಚ್ಕೊಂಡಾಯ್ತು. ಕೊನೇಗೆ ಉಳ್ದಿದ್ದು ಅಟ್ಟದ ಮೇಲಿನ ಎರಡು ಟ್ರಂಕು. ತೆಗೆದ್ರೆ ಪೂರ್ತಿ ದಸರಾ ಬೊಂಬೆ, ಹಳೇ ಪಂಚೆ ಚೂರು, ನ್ಯೂಸ್ ಪೇಪರ್ ಸುತ್ತಿ ಇಟ್ಟಿದಾರೆ, ನುಸಿಗುಳಿಗೆ ವಾಸನೆ ಇನ್ನೂ ಹೋಗಿಲ್ಲ. ಎಣಿಸಿದ್ರೆ 43. ದೇವರುಗಳು 31, ಪಿಂಗಾಣಿ 4, ಒಂದು ಗೇಣುದ್ದದ ಮನುಷ್ಯರ ಬೊಂಬೆ 6, ಪೂರ್ತಿ ಮುರಿದಿದ್ದು 2. ಪಟ್ಟದ ಬೊಂಬೆ, ಅದೇ ರಾಜ ರಾಣಿ ಜೋಡಿ, ದೊಡ್ಡತ್ತೆ ಆಗ್ಲೇ ತಗೊಂಡಿದಾರೆ, ಅದು ಇದ್ರಲ್ಲಿ ಸೇರಿಲ್ಲ.

ಈಗ ಸಮಸ್ಯೆ ಏನಪ್ಪ ಅಂದ್ರೆ ಮೂರು ಮನೇಲೂ ಜಾಗ ಇಲ್ಲ, ಮಾರಿ ದುಡ್ಡು ಹಂಚ್ಕೊಳ್ಳೋಣ ಅಂತ ಮಾತಾಯ್ತು. ಹಳೇ ಸಾಮಾನು ತಗೊಳ್ಳೋ ಅಂಗಡಿಯವರೊಬ್ರು ಮನೆಗೇ ಬಂದು ನೋಡಿದ್ರು, ಎಲ್ಲ ಸೇರಿ 6 ಸಾವ್ರ ಅಂದ್ರು, ನಾಳೆನೇ ಆಟೋ ತರ್ತೀನಿ ಅಂತಿದಾರೆ. ನಂಗೆ ಇದ್ರ ಬಗ್ಗೆ ಏನೂ ಗೊತ್ತಿಲ್ಲ. ಮಣ್ಣಿನ ಬೊಂಬೆಗೆ ಬೆಲೆ ಕಟ್ಟೋದು ಹೇಗೆ?

ಬೊಂಬೆ_ಪದ್ದು
ಕೊಡ್ಬೇಡಿ. ಬೆಲೆ ಜಾಸ್ತಿನೋ ಕಮ್ಮಿನೋ ಆಮೇಲೆ ನೋಡೋಣ, ಆದ್ರೆ 43 ಬೊಂಬೆನ ಐದು ನಿಮಿಷ ನೋಡಿ ಒಂದೇ ರೇಟು ಹೇಳಿ ನಾಳೆನೇ ಆಟೋ ತರ್ತೀನಿ ಅನ್ನೋನು ಅದ್ರಲ್ಲಿ ಏನೋ ಒಂದನ್ನ ಕಂಡಿದಾನೆ ಅಂತಲೇ ಲೆಕ್ಕ. ಉಳಿದದ್ದು ಅವನಿಗೆ ಬೋನಸ್ಸು.

ಮೊದ್ಲು ಎರಡು ಕೆಲ್ಸ. ಒಂದು, ಒದ್ದೆ ಬಟ್ಟೆ ತಾಗಿಸ್ಬೇಡಿ, ಧೂಳಿದ್ರೆ ಇರ್ಲಿ. ಎರಡು, ಸುತ್ತಿರೋ ಪೇಪರು ಎಸೀಬೇಡಿ, ಒಂದೊಂದು ಬೊಂಬೆ ಪೇಪರು ಅದರದರ ಪಕ್ಕದಲ್ಲೇ ಇಡಿ. ಮುರಿದ ಬೆರಳು, ಕಿರೀಟದ ತುದಿ, ಕೊಳಲು ಎಲ್ಲ ಆ ಪೇಪರ್ ಮಡಿಕೆಲೇ ಇರತ್ತೆ, ನಾನು 40 ವರ್ಷದಿಂದ ಬೊಂಬೆ ಇಡ್ತಾ ಇದೀನಿ, ಅನುಭವದ ಮಾತು.

ಆ ಆರು ಮನುಷ್ಯರು ಯಾರ್ಯಾರು? ಅಂಗಡಿ ಇಟ್ಕೊಂಡು ಕೂತಿರೋ ಶೆಟ್ಟಿ ಶೆಟ್ಟಿತಿನಾ?

ಗುಜರಿ_ಗೋಪಿ
ನಾನು ಸ್ವಲ್ಪ ಉಲ್ಟಾ ಹೇಳ್ತೀನಿ, ಬೈಕೋಬೇಡಿ. ಮಣ್ಣಿನ ಬೊಂಬೆಗೆ ರೀಸೇಲ್ ಅನ್ನೋದು ಇಲ್ಲ ಗುರು. ಹಿತ್ತಾಳೆ ಆದ್ರೆ ತೂಕ ಇದೆ, ಮರ ಆದ್ರೆ ಬೀಟೆನೋ ತೇಗವೋ ಅಂತ ಆದ್ರೂ ನೋಡ್ತಾರೆ, ಮಣ್ಣಿಗೆ ಏನಿದೆ? ಒಂದು ಸಲ ಕೈ ಜಾರಿದ್ರೆ ಸೊನ್ನೆ. 43ಕ್ಕೆ 6 ಸಾವ್ರ ಅಂದ್ರೆ ಒಂದಕ್ಕೆ ಸುಮಾರು 140 ರೂಪಾಯಿ, ನವರಾತ್ರಿ ಟೈಮಲ್ಲಿ ಫುಟ್‌ಪಾತಲ್ಲಿ ಹೊಸದೇ ಆ ರೇಟಿಗೆ ಸಿಗತ್ತೆ. ಅಜ್ಜಿದು ಅಂತ ನಿಮಗೆ ಬೆಲೆ, ಮಾರ್ಕೆಟ್‌ಗೆ ನಿಮ್ಮಜ್ಜಿ ಯಾರು ಅಂತ ಗೊತ್ತಿಲ್ಲ.

ಬೊಂಬೆ_ಪದ್ದು
ಗೋಪಿ ಅವ್ರೇ, 140 ರೂಪಾಯಿಗೆ ಈಗ ಅಂಗೈ ಗಾತ್ರದ ಗಣಪತಿ ಬರತ್ತೆ ಅಷ್ಟೇ, ಅದೂ ಪ್ಲಾಸ್ಟರ್ದು. ಹೋದ್ ವರ್ಷ ಮಣ್ಣಿನ ದಶಾವತಾರ ಸೆಟ್ಟು ನಾನು 4,500 ಕೊಟ್ಟು ತಂದೆ. ಒಂದು ಮಾತು ಒಪ್ತೀನಿ, ಹೊಸದು 4,500 ಅಂದ್ರೆ ಹಳೇದನ್ನ ಯಾರೂ 4,500ಕ್ಕೆ ತಗೊಳಲ್ಲ, ಅಂಗಡಿಯವ್ನು ಕಾಲು ಭಾಗ ಕೊಟ್ರೆ ಹೆಚ್ಚು.

ಮಣ್ಣು_ಮಸಿ
ಮೈಸೂರಿನ ಕಲಾ ಕಾಲೇಜು ಕಾವಾದಲ್ಲಿ ಶಿಲ್ಪಕಲೆ ಓದಿದೀನಿ, ಈಗ ಹಳೇ ಮೂರ್ತಿ ರಿಪೇರಿ ಕೆಲ್ಸ ಮಾಡ್ತೀನಿ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ.

ಎಲ್ರೂ ಮೊದ್ಲು ಕೇಳೋದು "ಎಷ್ಟು ಹಳೇದು" ಅಂತ. ಮೊದ್ಲು ಕೇಳ್ಬೇಕಾಗಿದ್ದು "ಇದು ಏನು, ಎಲ್ಲಿದು, ಹೇಗೆ ಮಾಡಿದ್ದು" ಅಂತ. ನೂರು ವರ್ಷ ಹಳೇ ಅಚ್ಚಿನ ಬೊಂಬೆಗಿಂತ ಅರವತ್ತು ವರ್ಷದ ಕೈಲಿ ಮಾಡಿದ ಬೊಂಬೆಗೆ ಗಿರಾಕಿ ಜಾಸ್ತಿ.

ಕಿಟ್ಟಿ ಸರ್, ಎಲ್ಲ ಬೊಂಬೆ ಬುಡ ಮೇಲೆ ಮಾಡಿ ಫೋಟೋ ತೆಗೀರಿ. ಮುಖ ಎಲ್ರೂ ತೆಗೀತಾರೆ, ಕತೆ ಇರೋದು ಬುಡದಲ್ಲಿ. ಒಳಗೆ ಟೊಳ್ಳು, ಕೆಳಗೆ ತೂತು, ಎರಡೂ ಪಕ್ಕದಲ್ಲಿ ಕಿವಿ ಹಿಂದಿಂದ ಕಾಲ್ತನಕ ಒಂದು ಸಣ್ಣ ಗೆರೆ ಬೆರಳಿಗೆ ಸಿಕ್ಕಿದ್ರೆ ಎರಡು ಭಾಗದ ಅಚ್ಚಲ್ಲಿ ಒತ್ತಿ ಜೋಡಿಸಿ ಸುಟ್ಟಿದ್ದು. ತಮಿಳುನಾಡಿನ ಪನ್ರುಟ್ಟಿ, ಮದುರೈ ಹತ್ರ ವಿಳಾಚೇರಿ, ಆ ಕಡೆಯಿಂದ ಬರೋದು ಬಹುಪಾಲು ಹೀಗೇ, ಬೆಂಗಳೂರು ಮೈಸೂರಿನ ದೇವರ ಬೊಂಬೆ ಎಷ್ಟೋ ಅಲ್ಲಿಂದ್ಲೇ ಬಂದಿದ್ದು. ಚಕ್ಕೆ ಎದ್ದ ಜಾಗ ನೋಡಿ, ಇಟ್ಟಿಗೆ ಕೆಂಪು ಅಥವಾ ಕಂದು ಇದ್ರೆ ಮಣ್ಣು, ಸೀಮೆಸುಣ್ಣದ ಥರ ಬೆಳ್ಳಗೆ ಪುಡಿ ಉದುರಿದ್ರೆ ಪ್ಲಾಸ್ಟರ್ ಆಫ್ ಪ್ಯಾರಿಸ್. ಇಲ್ಲೊಂದು ಮೋಸ ಹೋಗೋ ಜಾಗ ಇದೆ, ಮಣ್ಣಿನ ಬೊಂಬೆಗೂ ಬಣ್ಣದ ಅಡಿಲಿ ಸುಣ್ಣದ ಬಿಳಿ ಪದರ ಇರತ್ತೆ, ಆ ಪದರ ನೋಡಿ ಪ್ಲಾಸ್ಟರ್ ಅಂದ್ಕೋಬೇಡಿ, ಚಕ್ಕೆ ಆಳಕ್ಕೆ ಹೋಗಿರೋ ಕಡೆ ನೋಡಿ.

ಉಗುರಲ್ಲಿ ಮೆಲ್ಲಗೆ ತಟ್ಟಿ. ಸುಟ್ಟಿದ್ದು ಠಣ್ ಅನ್ನತ್ತೆ. ಸುಡದೆ ಬಿಸಿಲಲ್ಲಿ ಒಣಗಿಸಿದ್ದು ದಬ್ ಅನ್ನತ್ತೆ, ಗಾತ್ರಕ್ಕೆ ಹೋಲ್ಸಿದ್ರೆ ಭಾರ ಇರತ್ತೆ. ದಬ್ ಅಂದ್ರೆ ಭಯ ಪಡಿ, ನೀರು ತಾಗ್ಸಿದ್ರೆ ಕರಗತ್ತೆ.

ಒಂಟಿಕೊಪ್ಪಲ್_ಕಿಟ್ಟಿ
ತುಂಬಾ ಥ್ಯಾಂಕ್ಸ್, ಆಟೋ ಬೇಡ ಅಂತ ಫೋನ್ ಮಾಡಿದೆ. ರಾತ್ರಿ ಹನ್ನೊಂದರ ತನಕ ಕೂತು ಬುಡ ನೋಡಿದೀವಿ, ಹೆಂಡ್ತಿ ಟಾರ್ಚ್ ಹಿಡ್ಕೊಂಡಿದ್ಲು. ದೇವರುಗಳು 31ರಲ್ಲಿ 26 ನೀವು ಹೇಳಿದ ಹಾಗೇ ತೂತು, ಗೆರೆ, ಠಣ್. ಐದು ಪ್ಲಾಸ್ಟರ್ದು, ತೊಂಬತ್ತರ ದಶಕದಲ್ಲಿ ತಂದಿದ್ದು ಅಂತ ಅಮ್ಮ ಹೇಳಿದ್ರು. ದಶಾವತಾರದಲ್ಲಿ ಮತ್ಸ್ಯ ಇಲ್ಲ, ಒಂಬತ್ತೇ ಇದೆ.

ಆ ಆರು ಬೊಂಬೆ ವಿಷ್ಯನೇ ಬೇರೆ. ಗೆರೆ ಇಲ್ಲ, ತೂತಿಲ್ಲ, ದುಂಡನೆ ಪೀಠದ ಮೇಲೆ ನಿಂತಿದಾವೆ, ದಬ್. ಹಾವಾಡಿಗ, ಬಟ್ಟೆ ಗಂಟಿನ ದೋಬಿ, ಒಬ್ಬ ಸನ್ಯಾಸಿ, ಬೆನ್ನ ಮೇಲೆ ಚರ್ಮದ ಚೀಲದಲ್ಲಿ ನೀರು ಹೊತ್ಕೊಂಡಿರೋನು, ಒಬ್ಬ ಅಂಚೆಯವ್ನು, ಬುಟ್ಟಿ ಹಿಡಿದ ಹೆಂಗಸು. ಮೈಮೇಲಿರೋದು ಬಣ್ಣ ಅಲ್ಲ, ನಿಜವಾದ ಬಟ್ಟೆ. ಸನ್ಯಾಸಿ ಜಟೆ ಸೆಣಬಿನ ನಾರು. ಅವನ ಕುತ್ತಿಗೆ ನರ, ಹೊಟ್ಟೆ ಮಡಿಕೆ, ಕಾಲಿನ ಉಗುರು ಎಲ್ಲ ಕಾಣತ್ತೆ, ಮೊಬೈಲಲ್ಲಿ ಝೂಮ್ ಮಾಡಿದ್ರೆ ಕಣ್ಣಲ್ಲಿ ಕೆಂಪು ಗೆರೆ ಕೂಡ ಬಿಡ್ಸಿದಾರೆ! ದೋಬಿ ಕೈ ಎರಡು ಬೆರಳು ಮುರಿದು ಒಳಗಿನ ತಂತಿ ಕಾಣ್ತಿದೆ. ಹಾವಾಡಿಗನ ಕೈಲಿ ಪುಂಗಿ ಇಲ್ಲ.

ಮಣ್ಣು_ಮಸಿ
ಸರ್, ಅಂಗಡಿಯವ್ರು ಕಂಡಿದ್ದು ಅದನ್ನೇ.

ನೀವು ಹೇಳ್ತಿರೋದು ಪಶ್ಚಿಮ ಬಂಗಾಳದ ಕೃಷ್ಣನಗರದ ಕೆಲ್ಸ ಅನ್ನಿಸ್ತಿದೆ, ನದಿಯಾ ಜಿಲ್ಲೆ, ಊರಲ್ಲಿ ಘೂರ್ಣಿ ಅನ್ನೋ ಕುಂಬಾರರ ಬಡಾವಣೆ, ಜಲಂಗಿ ನದಿ ಮಣ್ಣು. 18ನೇ ಶತಮಾನದಲ್ಲಿ ಅಲ್ಲಿನ ರಾಜ ಕೃಷ್ಣಚಂದ್ರ ಈ ಕುಂಬಾರರಿಗೆ ಆಶ್ರಯ ಕೊಟ್ಟಿದ್ದ ಅಂತ ಹೆಸರು. ದೇವರ ಮೂರ್ತಿ ಮಾಡ್ತಿದ್ದ ಕೈಗಳು ಬೀದೀಲಿ ಓಡಾಡೋ ಜನರನ್ನ ಮಾಡೋಕೆ ಶುರು ಮಾಡಿದ್ವು, ಬ್ರಿಟಿಷರು ಮುಗಿಬಿದ್ದು ತಗೊಂಡ್ರು, 1851ರಲ್ಲಿ ಲಂಡನ್ನಲ್ಲಿ ನಡೆದ ದೊಡ್ಡ ವಸ್ತು ಪ್ರದರ್ಶನಕ್ಕೂ ಇಲ್ಲಿಂದ ಬೊಂಬೆ ಹೋಗಿದ್ವು. ನೀರು ಹೊರೋನು ಭಿಸ್ತಿ, ಹಾವಾಡಿಗ, ಸನ್ಯಾಸಿ, ಅಂಚೆಯವ್ನು, ಇವೆಲ್ಲ ಅವರ ಮಾಮೂಲಿ ಪಾತ್ರಗಳು. ಒಳಗೆ ತಂತಿ, ಮೈಮೇಲೆ ಬಟ್ಟೆ, ಇದೂ ಅವರ ಪದ್ಧತಿನೇ.

ಆದ್ರೆ ಹಾರಾಡ್ಬೇಡಿ. ಲಕ್ನೋದಲ್ಲೂ ಪುಣೆಯಲ್ಲೂ ಇದೇ ಥರ ಕಸುಬುದಾರರ ಬೊಂಬೆ ಮಾಡ್ತಿದ್ರು, ಫೋಟೋ ನೋಡದೆ ಖಚಿತ ಹೇಳಲ್ಲ. ಕೃಷ್ಣನಗರದ್ದೇ ಆದ್ರೂ 1850ರದ್ದೂ ಇದೆ, ಹೋದ್ ತಿಂಗಳದ್ದೂ ಇದೆ, ಘೂರ್ಣಿಯಲ್ಲಿ ಇವತ್ತಿಗೂ ಮಾಡ್ತಾರೆ. ಎರಡರ ಬೆಲೆ ಅಜಗಜಾಂತರ. ನಿಮ್ಮನೇಲಿ ಯಾರಾದ್ರೂ ಬಂಗಾಳದ ಕಡೆ ಇದ್ರಾ?

ಧಾರ್ವಾಡ_ಪೇಢೆ
ಇದನ್ನೆಲ್ಲಾ ಓದ್ಲಿಕ್ಕೆ ಭಾಳ ಮಜಾ ಬರಾಕತ್ತೈತ್ರಿ. ನಮ್ಮ ಕಡೆ ಮಣ್ಣಿನ ಗೊಂಬಿಗೆ ಬೆಲಿ ಕಟ್ಟೂದು ಅಂದ್ರ ನಗು ಬರ್ತದ. ಮಣ್ಣೆತ್ತಿನ ಅಮಾಸಿಗೆ ಕುಂಬಾರ ಮನಿಯಿಂದ ಒಂದ್ ಜೋಡಿ ಎತ್ತ ತರ್ತೇವಿ, ಪೂಜಿ ಆದಮ್ಯಾಲ ಕೋಡ ಮುರದ ಹುಡುಗೂರು ಆಟ ಆಡ್ತಾವು, ಆಮ್ಯಾಗ ನೀರಿಗೆ ಬಿಡೂದು. ಆಷಾಢದಾಗ ಮಂಗಳವಾರಕ್ಕೊಂದು ಗುಳ್ಳವ್ವ, ಗಣಪತಿ ಹೋದಮ್ಯಾಲ ಜೋಕುಮಾರ, ಯಾವುದೂ ಉಳಿಯೂದಿಲ್ಲ, ಉಳೀಬಾರದು. ನಮ್ಮಮ್ಮ ಕುಂಬಾರಗ ಒಂದ್ ಸೇರು ಜ್ವಾಳ ಹಾಕ್ತಿದ್ಲು, ಅದ ಬೆಲಿ. ನೀವು ಅಟ್ಟದ ಮ್ಯಾಲ ಐವತ್ತ ವರ್ಷ ಇಟ್ಟೀರಿ ಅಂದ್ರ ನಿಮ್ಮ ಅಜ್ಜಿಗೆ ಒಂದ್ ದೊಡ್ಡ ನಮಸ್ಕಾರ.

ಬೊಂಬೆ_ಪದ್ದು
ಪೇಢೆ ಅವ್ರೇ ಚೆನ್ನಾಗಿ ಹೇಳಿದ್ರಿ. ಕರಗೋ ವಿಷ್ಯ ಬಂತಲ್ಲ, ನನ್ನ ಮಾನ ಹೋಗೋ ಕತೆ ಒಂದು ಹೇಳ್ಬಿಡ್ತೀನಿ, ಕಿಟ್ಟಿಗೆ ಯಾಕೆ ಒದ್ದೆ ಬಟ್ಟೆ ಬೇಡ ಅಂದೆ ಅಂತ ಗೊತ್ತಾಗ್ಲಿ.

ಮದುವೆಯಾಗಿ ಬಂದ ಹೊಸದು, ಅತ್ತೆ ಮೆಚ್ಕೊಳ್ಲಿ ಅಂತ ಮಹಾಲಯ ಅಮಾವಾಸ್ಯೆ ಹಿಂದಿನ ದಿನ ಎಲ್ಲ ಬೊಂಬೆ ಹಿತ್ಲಿಗೆ ತಗೊಂಡೋಗಿ ಬಕೆಟ್ಟಲ್ಲಿ ಅದ್ದಿ ಅದ್ದಿ ತೊಳೆದೆ. ಕೃಷ್ಣ, ರಾಮ, ಎಲ್ಲ ಫಳಫಳ. ಕೊನೇಗೆ ಒಬ್ಬ ಗಡ್ಡದ ಫಕೀರ ಇದ್ದ, ಇದೇ ಥರ ಬಟ್ಟೆ ಉಡ್ಸಿದ್ದು, ಅವನ ಬಟ್ಟೆ ಕೊಳೆ ಅಂತ ಸ್ವಲ್ಪ ಹೊತ್ತು ನೆನೆಸಿಟ್ಟೆ. ಒಳಗೋಗಿ ಹಾಲು ಕಾಯ್ಸಿ ಬರೋಷ್ಟರಲ್ಲಿ ನೀರೆಲ್ಲ ಕೆಸರು, ಕೈ ಹಾಕಿ ಎತ್ತಿದ್ರೆ ಒಂದು ತುಂಡು ತಂತಿ ಮತ್ತೆ ಒಂದು ಪುಟ್ಟ ಅಂಗಿ ಬಂತು. ಅಷ್ಟೇ. ನಮ್ಮತ್ತೆ ಏನೂ ಅನ್ಲಿಲ್ಲ, ಆ ಅಂಗಿ ಒಗೆದು ಒಣಗ್ಸಿ ಆ ವರ್ಷ ಅವನ ಜಾಗದಲ್ಲಿ ಬರೀ ಅಂಗಿ ಮಡಿಸಿಟ್ರು. ಬಂದೋರೆಲ್ಲ ಇದೇನು ಅಂತ ಕೇಳೋರು, "ನಮ್ಮ ಸೊಸೆನ ಕೇಳಿ" ಅನ್ನೋರು.

ಒಣ ಬ್ರಷ್, ಮಕ್ಕಳ ಪೇಂಟಿಂಗಿಗೆ ಸಿಗತ್ತಲ್ಲ ಮೆತ್ತಂದು, ಅದೊಂದೇ ಬಳಸಿ.

ಗುಜರಿ_ಗೋಪಿ
ಹ್ಹಹ್ಹ ಆಂಟಿ ಅದು ಸೂಪರ್. ಸರಿ ಆ ಆರರ ವಿಷ್ಯದಲ್ಲಿ ನನ್ನ ಮಾತು ವಾಪಸ್ ತಗೊಂಡೆ. ಆದ್ರೆ ಉಳಿದ 37ರ ವಿಷ್ಯದಲ್ಲಿ ತಗೊಳಲ್ಲ.

ಫ್ರೀಮಾಂಟ್_ಶಾಲು
ಕ್ಯಾಲಿಫೋರ್ನಿಯಾದಿಂದ. ಇಲ್ಲಿ ಹಳೇ ಮನೆ ಸಾಮಾನು ಮಾರೋ ಎಸ್ಟೇಟ್ ಸೇಲ್‌ಗಳಲ್ಲಿ ಅಲೆಯೋದು ನನ್ನ ಹುಚ್ಚು, ಅದಕ್ಕೇ ಎರಡು ಮಾತು. ಆನ್‌ಲೈನಲ್ಲಿ ಬೆಲೆ ಹುಡುಕುವಾಗ ಜನ "ನಮ್ಮದ್ರ ಥರದ್ದು 900 ಡಾಲರ್ ಇದೆ" ಅಂತ ಕುಣೀತಾರೆ. ಅದು ಮಾರೋನು ಕೇಳ್ತಿರೋ ಬೆಲೆ, ಯಾರೂ ಕೊಟ್ಟಿರೋ ಬೆಲೆ ಅಲ್ಲ, ಮೂರು ವರ್ಷದಿಂದ ಅಲ್ಲೇ ಕೂತಿರತ್ತೆ. ಮಾರಾಟ ಆಗಿರೋದನ್ನ ಮಾತ್ರ ತೋರ್ಸೋ ಫಿಲ್ಟರ್ ಇರತ್ತೆ, ಅದನ್ನ ಹಾಕಿ ನೋಡಿ. ಹರಾಜು ಮನೆಗಳ ಬೆಲೆ ನೋಡಿದ್ರೂ ಅಷ್ಟೇ, ತಗೊಂಡೋನು ಕೊಟ್ಟಿದ್ದು ಒಂದು, ಕಮಿಷನ್ ಕಳೆದು ಮಾರಿದವನ ಕೈಗೆ ಬಂದಿದ್ದು ಇನ್ನೊಂದು.

ಇನ್ನು ಪಿಂಗಾಣಿ ನಾಲ್ಕರ ಅಡಿಲಿ ಸೀಲ್ ಇದ್ಯಾ ನೋಡಿ. "ಮೇಡ್ ಇನ್ ಆಕ್ಯುಪೈಡ್ ಜಪಾನ್" ಅಂತಿದ್ರೆ ಯುದ್ಧ ಮುಗಿದ ಮೇಲಿಂದ 1952ರ ಒಳಗೆ ಅಂತ ಖಚಿತ. ಆದ್ರೆ ಖಚಿತ ಆಗಿದ್ದಕ್ಕೆಲ್ಲ ಬೆಲೆ ಇರಲ್ಲ, ರಾಶಿ ರಾಶಿ ಮಾಡಿದ್ರು ಅದನ್ನ, ಇಲ್ಲಿ ಒಂದು ಕಾಫಿ ದುಡ್ಡಿಗೆ ಸಿಗತ್ತೆ. ದೇವರ ಪಿಂಗಾಣಿ ಆದ್ರೆ ಮಾತ್ರ ಜೋಪಾನ, ರವಿವರ್ಮನ ಚಿತ್ರ ನೋಡ್ಕೊಂಡು ಜರ್ಮನಿಯಲ್ಲಿ ನಮ್ಮ ಲಕ್ಷ್ಮಿ ಸರಸ್ವತಿನೆಲ್ಲ ಪಿಂಗಾಣಿಲಿ ಮಾಡಿ ಕಳಿಸ್ತಿದ್ರು, ಅದಕ್ಕೆ ಒಳ್ಳೇ ಬೇಡಿಕೆ ಇದೆ.

ಅಂದಹಾಗೆ ಆ ಆರನ್ನ ನಂಗೆ ಕಳಿಸೋ ಹಾಗಿದ್ರೆ ಹೇಳಿ, ನಾನು ತಗೋತೀನಿ, ಸೀರಿಯಸ್ಸಾಗಿ.

ಮಣ್ಣು_ಮಸಿ
ಶಾಲು ಅವ್ರೇ ಆಸೆ ಇಟ್ಕೊಳ್ಳಿ, ಆದ್ರೆ ಕಿಟ್ಟಿ ಸರ್ ಪೋಸ್ಟ್ ಮಾಡೋಕೆ ಮುಂಚೆ ಒಂದು ವಿಷ್ಯ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ತುಂಬಿದ ಕಲಾವಸ್ತು ಖಾಸಗಿಯವರು ದೇಶದಿಂದ ಹೊರಗೆ ಕಳಿಸೋ ಹಾಗಿಲ್ಲ. ನೂರು ತುಂಬಿಲ್ಲ ಅಂದ್ರೂ ನೋಡೋಕೆ ಹಳೇದಾಗಿ ಕಂಡ್ರೆ ಕಸ್ಟಮ್ಸಲ್ಲಿ ಹಿಡ್ಕೋತಾರೆ, ಪುರಾತನ ಅಲ್ಲ ಅಂತ ಪುರಾತತ್ವ ಇಲಾಖೆಯಿಂದ ಸರ್ಟಿಫಿಕೇಟ್ ಮಾಡಿಸ್ಕೋಬೇಕು. ನೂರು ದಾಟಿದ ಟೆರಾಕೋಟಾ, ಅಂದ್ರೆ ಸುಟ್ಟ ಮಣ್ಣಿನ ಶಿಲ್ಪ ಮನೇಲಿದ್ರೆ ನೋಂದಣಿ ಕೂಡ ಮಾಡಿಸ್ಬೇಕು, ಪುರಾತನ ವಸ್ತು ವ್ಯಾಪಾರ ಮಾಡೋರಿಗೆ ಲೈಸೆನ್ಸ್ ಬೇಕು. ಅದಕ್ಕೇ ವಯಸ್ಸು ಗೊತ್ತಾಗ್ಬೇಕು, ಬೆಲೆಗೋಸ್ಕರ ಅಷ್ಟೇ ಅಲ್ಲ.

ಕಾನೂನು ಬಿಡಿ, ಸುಡದ ಮಣ್ಣು, ಒಳಗೆ ತಂತಿ, ಸುಮಾರು ಹದಿನಾಲ್ಕು ಸಾವ್ರ ಕಿಲೋಮೀಟರು. ಮುಟ್ಟೋಷ್ಟರಲ್ಲಿ ಪದ್ದಮ್ಮನ ಅಂಗಿ ಒಂದೇ ಉಳಿಯತ್ತೆ.

ಕೋಟೇಶ್ವರ_ಭಟ್ರು
ಒಂದು ಪ್ರಶ್ನೆ ಮಾರಾಯ್ರೆ. ಲ್ಯಾಬಿನಲ್ಲಿ ಟೆಸ್ಟ್ ಮಾಡ್ಸಿ ವಯಸ್ಸು ಕಂಡುಹಿಡಿಲಿಕ್ಕೆ ಆಗುದಿಲ್ವಾ? ಮಣ್ಣಿನ ಮಡಕೆಗೆ ಏನೋ ಬೆಳಕಿನ ಟೆಸ್ಟ್ ಉಂಟು ಅಂತ ಓದಿದ ನೆನಪು.

ಮಣ್ಣು_ಮಸಿ
ಉಂಟು ಭಟ್ರೇ, ಥರ್ಮೋಲ್ಯುಮಿನೆಸೆನ್ಸ್. ಮಣ್ಣನ್ನ ಕೊನೇ ಸಲ ಚೆನ್ನಾಗಿ ಸುಟ್ಟಾಗಿಂದ ಎಷ್ಟು ಕಾಲ ಆಯ್ತು ಅಂತ ಹೇಳತ್ತೆ. ಕಿಟ್ಟಿಯವರ ಆರನ್ನ ಸುಟ್ಟೇ ಇಲ್ವಲ್ಲ, ಆ ಗಡಿಯಾರ ಶುರುನೇ ಆಗಿಲ್ಲ. ಸುಟ್ಟ ದೇವರ ಬೊಂಬೆಗೆ ಮಾಡಿಸ್ಬಹುದು, ಆದ್ರೆ ಅದಕ್ಕೆ ಕೊರೆದು ಪುಡಿ ತೆಗೀಬೇಕು, ಬೊಂಬೆ ಬೆಲೆಗಿಂತ ಟೆಸ್ಟಿನ ಬಿಲ್ಲು ಜಾಸ್ತಿ, ಐವತ್ತು ಅರವತ್ತು ವರ್ಷದ ವಸ್ತುವಿಗೆ ಉತ್ತರನೂ ಅಷ್ಟು ಕರಾರುವಾಕ್ಕಾಗಿ ಬರಲ್ಲ. ಕಾಗದ ಪತ್ರ, ಫೋಟೋ, ಮನೆಯವರ ನೆನಪು, ಇವೇ ನಮ್ಮ ಲ್ಯಾಬು.

ಒಂಟಿಕೊಪ್ಪಲ್_ಕಿಟ್ಟಿ
ಮೂರು ದಿನ ಆಯ್ತು ಬರೆಯೋಕಾಗ್ಲಿಲ್ಲ, ಸಾರಿ. ಸಿಕ್ಕಾಪಟ್ಟೆ ವಿಷ್ಯ ಇದೆ.

ಒಂದು, ತಾತ ರೈಲ್ವೇಲಿ ಇದ್ರು ಅಂತ ಗೊತ್ತಿತ್ತು, ಎಲ್ಲಿ ಅಂತ ನಾನು ಯಾವತ್ತೂ ಕೇಳಿರ್ಲಿಲ್ಲ. ಬಂಗಾಳದ ಖರಗ್‌ಪುರ ವರ್ಕ್‌ಶಾಪಲ್ಲಿ 1953ರಿಂದ 58ರ ತನಕ ಇದ್ರಂತೆ! ಅಪ್ಪ ಹುಟ್ಟಿದ್ದೇ ಅಲ್ಲಿ, ಇಷ್ಟು ವರ್ಷ ಒಂದು ಸಲನೂ ಹೇಳಿಲ್ಲ ಪುಣ್ಯಾತ್ಮ. ಎರಡು, ಆ ಆರಕ್ಕೆ ಸುತ್ತಿದ್ದ ಪೇಪರು 1971ರ ಪ್ರಜಾವಾಣಿ. ಹಾಗಾದ್ರೆ 1971ರ ಬೊಂಬೆನಾ ಅಂತ ತಲೆ ಕೆಟ್ಟೋಯ್ತು. ಮೂರು, ಪಿಂಗಾಣಿ ನಾಲ್ಕರಲ್ಲಿ ಮೂರಕ್ಕೆ ಬರೀ "ಜಪಾನ್" ಅಂತಿದೆ, ಒಂದಕ್ಕೆ ಏನೂ ಇಲ್ಲ, ನಾಲ್ಕೂ ದೊರೆಸಾನಿ ಬೊಂಬೆ, ದೇವರಲ್ಲ.

ನಾಲ್ಕನೇದು, ಆ ಅಂಗಡಿಯವ್ರು ನಿನ್ನೆ ಮತ್ತೆ ಫೋನ್ ಮಾಡಿದ್ರು. "ಆ ಆರು ಮಾತ್ರ ಕೊಡಿ ಸರ್, 9 ಸಾವ್ರ ಕೊಡ್ತೀನಿ, ದೇವರು ನೀವೇ ಇಟ್ಕೊಳ್ಳಿ, ದೇವರನ್ನ ಮಾರ್ಬಾರ್ದು" ಅಂತ. ಮೊದಲ ದಿನ 43ಕ್ಕೆ 6 ಸಾವ್ರ ಅಂದಾಗ ದೇವರ ನೆನಪು ಇರ್ಲಿಲ್ಲ ಪಾಪ.

ಬೊಂಬೆ_ಪದ್ದು
😂😂 ಹೇಳಿದ್ನಾ ಇಲ್ವಾ.

ಪೇಪರ್ ವಿಷ್ಯಕ್ಕೆ ತಲೆ ಕೆಡಿಸ್ಕೋಬೇಡಿ. ಅದು ಸುತ್ತಿದ ತಾರೀಕು, ಮಾಡಿದ ತಾರೀಕಲ್ಲ. ಪೇಪರು ಪುಡಿಪುಡಿ ಆದ್ರೆ ಬದಲಾಯಿಸ್ತೀವಿ ನಾವು. ನನ್ನ ಅರ್ಧ ಬೊಂಬೆ ಕೋವಿಡ್ ಸುದ್ದಿ ಸುತ್ಕೊಂಡು ಮಲಗಿವೆ, ಹಾಗಂತ ಅವು ಕೋವಿಡಲ್ಲಿ ಹುಟ್ಟಿದ್ವಾ?

ಅಜ್ಜಿ ಕಾಲದ ಬೊಂಬೆ ಕೂರ್ಸಿದ ಫೋಟೋ ಇದ್ಯಾ ನೋಡಿ. ಎಲ್ರ ಮನೇಲೂ ಒಂದಾದ್ರೂ ಇರತ್ತೆ, ಮುಂದೆ ಮಕ್ಕಳನ್ನ ನಿಲ್ಸಿ ತೆಗೆದಿರ್ತಾರೆ.

ಮಣ್ಣು_ಮಸಿ
ಖರಗ್‌ಪುರ ಅಂದ್ಮೇಲೆ ಕೃಷ್ಣನಗರದ ಅನುಮಾನ ಗಟ್ಟಿ ಆಯ್ತು, ಬುಡದ ಫೋಟೋನೂ ನೋಡಿದೆ, ಪುಣೆದಲ್ಲ, ಲಕ್ನೋದ್ದೂ ಅಲ್ಲ. 1950ರ ದಶಕದ್ದು ಅಂದ್ಕೊಂಡ್ರೆ ನೂರರ ಕಾಯ್ದೆ ತೊಂದರೆ ಇಲ್ಲ, ಮ್ಯೂಸಿಯಂ ದರ್ಜೆನೂ ಅಲ್ಲ. ಹತ್ತೊಂಬತ್ತನೇ ಶತಮಾನದ ಕೃಷ್ಣನಗರದ್ದಾದ್ರೆ ವಿದೇಶಿ ಹರಾಜುಗಳಲ್ಲಿ ಕೈ ಬದಲಾಗತ್ತೆ, ಇದು ಆ ಗುಂಪಲ್ಲ.

ಬೆಲೆ ಹೇಳಿ ಅಂತ ಮೆಸೇಜ್ ಹಾಕಿದ್ರಿ, ಅಂದಾಜು ಹೇಳ್ತೀನಿ. ಕಳೆದ ಕೆಲವು ವರ್ಷದಲ್ಲಿ ನನ್ನ ಕಣ್ಣೆದುರಿಗೇ ಇದೇ ಗಾತ್ರದ, ಇದೇ ಕಾಲದ ಬೊಂಬೆ ಎರಡು ಸಲ ಮಾರಾಟ ಆಗಿದೆ, ಒಂದೊಂದಕ್ಕೆ 3ರಿಂದ 5 ಸಾವ್ರ, ತಗೊಂಡೋರು ಮನೇಲಿ ಬೊಂಬೆ ಇಡೋರು, ವ್ಯಾಪಾರಿಗಳಲ್ಲ. ದೋಬಿಗೆ ಬೆರಳಿಲ್ಲ, ಹಾವಾಡಿಗನಿಗೆ ಪುಂಗಿ ಇಲ್ಲ, ಅವೆರಡಕ್ಕೆ ಅರ್ಧ ಇಳಿಸಿ. ಭಿಸ್ತಿ ಮೇಲೆ ಸ್ವಲ್ಪ ಏರಿಸಿ, ಚೀಲದ ಹೊಲಿಗೆ ಕೂಡ ಬಂದಿದೆ ಅದ್ರಲ್ಲಿ, ನಾನು ಆ ಫೋಟೋನೇ ಹತ್ತು ನಿಮಿಷ ನೋಡ್ದೆ. ಬಣ್ಣ ಹೊಸದಾಗಿ ಹಚ್ಚಿಲ್ಲ ಅನ್ನೋದು ದೊಡ್ಡ ಪ್ಲಸ್ಸು, ಧೂಳು ತಲೆ, ಭುಜ, ಪೀಠದ ಮೇಲೆ ಕೂತಿದೆ, ಗಲ್ಲದ ಅಡಿ ಸ್ವಚ್ಛ ಇದೆ. ಹಳೇದು ಅಂತ ತೋರ್ಸೋಕೆ ಕಂದು ಬಣ್ಣ ಬಳಿದಿದ್ರೆ ಎಲ್ಲ ಕಡೆ ಒಂದೇ ಸಮ ಇರ್ತಿತ್ತು.

ಗುಂಪು ಒಡೀಬೇಡಿ. ಆರೂ ಒಂದೇ ಪೀಠ, ಒಂದೇ ಕೈ. ಒಟ್ಟಿಗೆ ಇದ್ರೆ ಬಿಡಿಬಿಡಿ ಕೂಡಿಸಿದ್ದಕ್ಕಿಂತ ಜಾಸ್ತಿ. ದಶಾವತಾರದಲ್ಲಿ ಇದರ ಉಲ್ಟಾ ಆಗಿದೆ ನೋಡಿ, ಮತ್ಸ್ಯ ಒಂದಿಲ್ಲ ಅಂತ ಉಳಿದ ಒಂಬತ್ತಕ್ಕೆ ಗಿರಾಕಿ ಸಿಗಲ್ಲ. ದೇವರುಗಳು 26ಕ್ಕೂ ಅಂಗಡಿ ರೇಟು 4, 5 ಸಾವ್ರ ಬಂದ್ರೆ ಕೊಟ್ಬಿಡಿ, ಗೋಪಿ ಹೇಳಿದ್ದು ಅಲ್ಲಿ ಸರಿ. ಪಿಂಗಾಣಿ, ಪ್ಲಾಸ್ಟರ್ ಮಕ್ಕಳಿಗೆ ಕೊಡಿ.

ಅಂಟು ಗಿಂಟು ನೀವೇ ಹಚ್ಚೋಕೆ ಹೋಗ್ಬೇಡಿ. ಅಂಗಡೀಲಿ ಸಿಗೋ ಎಪಾಕ್ಸಿ ಹಾಕಿದ್ರೆ ಅದು ಮಣ್ಣಿಗಿಂತ ಗಟ್ಟಿ, ಮುಂದಿನ ಸಲ ಪಕ್ಕದ ಜಾಗ ಮುರಿಯತ್ತೆ. ನಾವು ಬಳಸೋದು ಅಸಿಟೋನಲ್ಲಿ ಕರಗಿಸಿದ ರೆಸಿನ್ನು, ಬೇಡ ಅಂದಾಗ ಬಿಡಿಸ್ಬಹುದು.

ಗುಜರಿ_ಗೋಪಿ
ನನ್ನ ಮಾತು ಸರಿ ಅಂದಿದ್ದನ್ನ ಸ್ಕ್ರೀನ್‌ಶಾಟ್ ತೆಗೆದಿಟ್ಕೊಂಡೆ.

ಕೋಟೇಶ್ವರ_ಭಟ್ರು
ಪಾಲಿನ ವಿಷಯಕ್ಕೆ ಒಂದು ಉಪಾಯ. ನಮ್ಮಲ್ಲಿ ತಂದೆಯವರ ಗಡಿಯಾರಗಳಿಗೆ ಹೀಗೇ ಮಾಡಿದ್ದು. ಮೂವರೂ ಒಂದೊಂದು ಚೀಟಿಯಲ್ಲಿ "ಇದು ನನಗೇ ಬೇಕಾದ್ರೆ ನಾನು ಇಷ್ಟು ಬೆಲೆ ಕಟ್ತೇನೆ" ಅಂತ ಬರೆದು ಮಡಚಿ ಕೊಡುದು. ಜಾಸ್ತಿ ಬರೆದವರಿಗೆ ವಸ್ತು, ಅವರು ಉಳಿದ ಇಬ್ಬರಿಗೆ ಅವರವರ ಮೂರನೇ ಒಂದು ಪಾಲು ಕೊಡುದು. ಹೊರಗಿನವ ಬೆಲೆ ಕಟ್ಟಿದ್ರೆ ಜಗಳ, ತಾವೇ ಕಟ್ಟಿದ್ರೆ ಬಾಯಿ ಮುಚ್ತದೆ.

ಒಂಟಿಕೊಪ್ಪಲ್_ಕಿಟ್ಟಿ
ಫೋಟೋ ಸಿಕ್ತು! ಪದ್ದಮ್ಮ ನಿಮಗೆ ಉದ್ದಂಡ ನಮಸ್ಕಾರ. ಕಪ್ಪು ಬಿಳುಪು, ಹಿಂದೆ ಅಜ್ಜಿ ಕೈಬರಹದಲ್ಲಿ "ದಸರಾ 1959". ಏಳು ಮೆಟ್ಟಿಲು, ಮುಂದೆ ಅಪ್ಪ ಚಡ್ಡಿ ಹಾಕ್ಕೊಂಡು ಮೂಗು ಸುರಿಸ್ತಾ ನಿಂತಿದಾರೆ. ಕೆಳಗಿನ ಮೆಟ್ಟಿಲಲ್ಲಿ ಭಿಸ್ತಿ, ಸನ್ಯಾಸಿ, ದೋಬಿ ಎಲ್ಲ ಸ್ಪಷ್ಟ ಕಾಣ್ತಾರೆ. ಹಾಗಾಗಿ 1959ಕ್ಕೆ ಮುಂಚಿನದ್ದು ಅಂತ ಆಯ್ತು.

ಆದ್ರೆ ಎಣಿಸಿದ್ರೆ ಎಂಟು ಇದಾವೆ. ಒಬ್ಬ ಮೀನು ಮಾರೋನು, ಒಬ್ಬ ತಂಬೂರಿ ಹಿಡಿದ ಭಿಕ್ಷುಕ, ಅವೆರಡು ಟ್ರಂಕಲ್ಲಿಲ್ಲ.

ಮಣ್ಣು_ಮಸಿ
ತಂಬೂರಿ ಅಲ್ಲ ಅನ್ಸತ್ತೆ, ಏಕತಾರಿ, ಊರೂರು ಹಾಡ್ತಾ ಅಲೆಯೋ ಬಂಗಾಳದ ಬಾವುಲ ಇರ್ಬೇಕು. ಹುಡುಕಿ ಸರ್ ಹುಡುಕಿ. ಎಂಟರ ಪೂರ್ತಿ ಸೆಟ್ಟು, ಜೊತೆಗೆ 1959ರ ಫೋಟೋ ಅಂದ್ರೆ ನಾನು ಹೇಳಿದ ಲೆಕ್ಕ ಎಲ್ಲ ಮತ್ತೆ ಹಾಕ್ಬೇಕು. ಆ ಫೋಟೋ ಬೊಂಬೆ ಜೊತೇಲೇ ಇರ್ಬೇಕು, ಯಾರು ತಗೊಂಡ್ರೂ ಅವ್ರಿಗೆ ಅದರ ಪ್ರತಿ ಕೊಡಿ.

ಹೋಲಿಸಿ ನೋಡ್ಬೇಕು ಅಂದ್ರೆ ಅರಮನೆಯ ಗೊಂಬೆ ತೊಟ್ಟಿಗೆ ಒಂದು ಸಲ ಹೋಗ್ಬನ್ನಿ, ಮೈಸೂರವರು ನೆಂಟರು ಬಂದಾಗ ಬಿಟ್ರೆ ಅಲ್ಲಿಗೆ ಹೋಗೋದೇ ಇಲ್ಲ.

ಒಂಟಿಕೊಪ್ಪಲ್_ಕಿಟ್ಟಿ
ಕೊನೇ ಅಪ್‌ಡೇಟು. ಆ ಎರಡು ತುಮಕೂರಿನ ಚಿಕ್ಕತ್ತೆ ಶೋಕೇಸಲ್ಲಿ ಇವೆ. ಮದುವೆ ಆದಾಗ ಅಜ್ಜಿನೇ ಕೊಟ್ಟು ಕಳ್ಸಿದ್ರಂತೆ, ಟಿವಿ ಪಕ್ಕದಲ್ಲೇ, ನಾನು ಹುಟ್ಟಿದಾಗಿಂದ ಆ ಮನೆಗೆ ಹೋಗ್ತಾ ಇದೀನಿ, ಒಂದು ಸಲನೂ ಸರಿಯಾಗಿ ನೋಡಿಲ್ಲ. ಮೀನಿನವ್ನ ಬುಟ್ಟೀಲಿ ಏಳು ಮೀನು ಇದೆ ಅಂತ ಫೋನಲ್ಲಿ ಎಣಿಸಿ ಹೇಳಿದ್ರು.

ಭಟ್ರ ಚೀಟಿ ಉಪಾಯ ಮಾಡಿದ್ವಿ, ವಾಟ್ಸಾಪಲ್ಲೇ, ಮೂವರೂ ನಂಗೆ ಬೇರೆ ಬೇರೆ ಕಳಿಸ್ಬೇಕು ಅಂತ. ಅಪ್ಪ 12 ಸಾವ್ರ ಬರೆದ್ರು, ದೊಡ್ಡತ್ತೆ 15, ಚಿಕ್ಕತ್ತೆ 30. ಆರೂ ತುಮಕೂರಿಗೆ ಹೋಗತ್ತೆ, ಚಿಕ್ಕತ್ತೆ ಇವರಿಬ್ರಿಗೂ ಹತ್ತತ್ತು ಸಾವ್ರ ಕೊಡ್ತಾರೆ. ಅಪ್ಪ "ಆ ಎರಡೂ ಲೆಕ್ಕಕ್ಕೆ ಬರ್ಬೇಕಲ್ವಾ" ಅಂತ ಒಂದು ಸಲ ಶುರು ಮಾಡಿದ್ರು, ದೊಡ್ಡತ್ತೆ "ಹಾಗಾದ್ರೆ ನಿನ್ನ ಉಪನಯನದ ಬೆಳ್ಳಿ ಲೋಟನೂ ಬರ್ಲಿ" ಅಂದ್ರು, ಅಲ್ಲಿಗೆ ಮುಗೀತು. ದೇವರುಗಳನ್ನ ಸದ್ಯಕ್ಕೆ ಮಾರ್ತಿಲ್ಲ, ಹೆಂಡ್ತಿ ಈ ವರ್ಷ ಮೂರು ಮೆಟ್ಟಿಲು ಇಟ್ಟು ನೋಡೋಣ ಅಂತಿದಾಳೆ, ಮತ್ಸ್ಯ ಒಂದು ಬಿಡಿಯಾಗಿ ಎಲ್ಲಾದ್ರೂ ಸಿಕ್ಕಿದ್ರೆ ಹೇಳಿ.

ಹಾವಾಡಿಗನ ಪುಂಗಿ ಪೇಪರ್ ಮಡಿಕೇಲಿ ಸಿಕ್ತು, ಬೆಂಕಿಕಡ್ಡಿಯಷ್ಟಿದೆ. ದೋಬಿ ಬೆರಳು ಸಿಕ್ಕಿಲ್ಲ. ಒಂದು ತಪ್ಪು ಒಪ್ಕೊಂಡ್ಬಿಡ್ತೀನಿ, ಪದ್ದಮ್ಮ ಹೇಳೋ ಮುಂಚೆನೇ ಅರ್ಧ ಪೇಪರು ಅಮ್ಮ ರದ್ದಿಗೆ ಕಟ್ಟಿ ಕೊಟ್ಟಿದ್ರು.

ಬೊಂಬೆ_ಪದ್ದು
ಯಾವ ರದ್ದಿ ಅಂಗಡಿ? ಅವ್ರು ಲೋಡ್ ಕಳಿಸೋದು ವಾರಕ್ಕೋ ಹದಿನೈದು ದಿನಕ್ಕೋ ಒಂದು ಸಲ. ಇನ್ನೂ ಇರತ್ತೆ, ಈಗ್ಲೇ ಹೋಗಿ. ಹಳೇ ಪ್ರಜಾವಾಣಿ ಹಳದಿಯಾಗಿರತ್ತೆ, ಬೇಗ ಗುರುತು ಸಿಗತ್ತೆ.

ಒಂಟಿಕೊಪ್ಪಲ್_ಕಿಟ್ಟಿ
ಹೊರಟೆ.